ಕಲ್ಯಾಣ ಪ್ರದೇಶದ ಶಿಲೆಯೂ ಖಡಿಯೂ

ಕ್ರಿ. ಶ. 11ನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ರಾಜಧಾನಿಯನ್ನಾಗಿ ಮಾಡಿಕೊಂಡ ಕಲ್ಯಾಣವನ್ನು ಅರಸರ, ಪಂಡಿತರ ಹಾಗೂ ಶರಣರ ನಗರವೆಂದು ವರ್ಣಿಸುವುದು ವಾಡಿಕೆ. ಆ ಸೀಮೆಯ ಕಟ್ಟಡಗಳನ್ನೂ ದಾರಿಗಳನ್ನೂ ಹೊತ್ತ ಕಲ್ಲನ್ನು ಕುರಿತು, ಅದನ್ನು ಒಡೆದವರನ್ನು ಕುರಿತು ಕೆಲವು ಮಾತುಗಳನ್ನು ನಿವೇದಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ನೆಲವು ಬಹುಮಟ್ಟಿಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದಾದ ಕಪ್ಪು ಶಿಲೆಯದು. ಎತ್ತರದ ಬಯಲುಗಳಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಜಂಬಿಟ್ಟಿಗೆಯು ಅಗೆಯುವಾಗ ಮೃದು, ಗಾಳಿಗೆ ಒಡ್ಡಿದ ಬಳಿಕ ಗಟ್ಟಿ. ಆದುದರಿಂದ ಅದು ಗೋಡೆಗೆ ಒದಗಿತು. ಕಪ್ಪು ಶಿಲೆಯು ಗಡಸು; ಅದರ ಖಡಿಯು ರಸ್ತೆಗೆ ಒದಗಿತು. ಹುಮನಾಬಾದ ತಾಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಕಲ್ಲು ಅರಸನ ಹೆಸರನ್ನು ಉಳಿಸಿತು. ಅಡಿಪಾಯಕ್ಕೆ ಕಲ್ಲೊಡೆದವರ ಹೆಸರನ್ನು ಉಳಿಸಲಿಲ್ಲ.

19ನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಮೆಕಾಡಮನು ಸಣ್ಣ ಒಡೆಗಲ್ಲುಗಳನ್ನು ಒತ್ತಾಗಿ ಹಾಸಿ ರಸ್ತೆ ಮಾಡುವ ಕ್ರಮವನ್ನು ಪ್ರಚುರಪಡಿಸಿದನು. ಈ ಕ್ರಮವು ಹರಡಿದಂತೆ ಖಡಿಯ ಬೇಡಿಕೆ ಬೆಳೆಯಿತು. ನಮ್ಮ ನಾಡಿನಲ್ಲಿ ಈ ದುಡಿಮೆಯ ಭಾರವನ್ನು ಬಹುಮಟ್ಟಿಗೆ ವಡ್ಡರು, ಎಂದರೆ ಭೋವಿ ಜನರು, ಹೊತ್ತರು. ಗಂಡಸರು ಬಂಡೆಯನ್ನು ಸೀಳುವರು. ಹೆಂಗಸರು ಬಿಸಿಲಿನಲ್ಲಿ ಕುಳಿತು ಸುತ್ತಿಗೆಯಿಂದ ಖಡಿ ಒಡೆಯುವರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಕಲ್ಯಾಣದ ಶರಣರನ್ನು ಕೂಡಿಕೊಂಡ ಸಿದ್ಧರಾಮನನ್ನು ಈ ಜನರು ಗುರುವೆಂದು ಭಾವಿಸುವುದು ಅರ್ಥಪೂರ್ಣವಾಗಿದೆ.

ಅಮೆರಿಕದ ಎಲಿ ವಿಟ್ನಿ ಬ್ಲೇಕನು 1858ರಲ್ಲಿ ಕಲ್ಲು ಒಡೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಒಂದು ದವಡೆ ಸ್ಥಿರ, ಇನ್ನೊಂದು ಚಲಿಸುವಂಥದು. ಅವುಗಳ ನಡುವೆ ಬಿದ್ದ ಕಲ್ಲು ಪುಡಿಯಾಗಿ, ಕೆಳಗಿನ ಕಿಂಡಿಯಿಂದ ಜಾರುವುದು. ಈಗಿನ ಖಡಿ ಮಷೀನುಗಳಲ್ಲಿ ಅದುರುವ ಜರಡಿಗಳು 40, 20, 12 ಮಿಲಿಮೀಟರಿನ ಖಡಿಯನ್ನೂ ಪುಡಿಯನ್ನೂ ಬೇರ್ಪಡಿಸುತ್ತವೆ. ಹುಮನಾಬಾದಿನ ಮೂಲಕ ಸಾಗುವ ಪುಣೆ-ಹೈದರಾಬಾದ್ ಹೆದ್ದಾರಿಯಾಗಲಿ, 2017ರಲ್ಲಿ ಪೂರ್ಣಗೊಂಡ ಬೀದರ-ಕಲಬುರಗಿ ರೈಲುಮಾರ್ಗವಾಗಲಿ, ಇಂಥ ಖಡಿಯಿಲ್ಲದೆ ನಿಲ್ಲಲಾರವು.

ಯಂತ್ರವು ಬೆನ್ನಿನ ಭಾರವನ್ನು ಇಳಿಸಿತು. ಅದರೊಡನೆ ಅನೇಕರ ಕೂಲಿಯನ್ನೂ ಕಸಿಯಿತು. ಧೂಳು ಉಸಿರಿಗೂ ಬೆಳೆಗೂ ಹಾನಿಕರ. ಈ ಕಾರಣದಿಂದಲೇ ಕರ್ನಾಟಕವು ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣಕ್ಕಾಗಿ 2011ರ ಅಧಿನಿಯಮವನ್ನು ರೂಪಿಸಿ, ಪರವಾನಗಿಯನ್ನೂ ಸುರಕ್ಷಿತ ವಲಯಗಳನ್ನೂ ವಿಧಿಸಿತು. ಕೆಡವಿದ ಕಟ್ಟಡದ ಅವಶೇಷವನ್ನು ಮರಳಿ ಬಳಸಬೇಕೆಂದು 2016ರ ಕೇಂದ್ರ ನಿಯಮಗಳು ಸೂಚಿಸಿದವು. ಹೊಸ ಬಂಡೆಯನ್ನು ಸೀಳುವುದಕ್ಕಿಂತ ಇದು ಹಿತಕರವೇ ಸರಿ. ಆದರೆ ಹಳೆಯ ರಾಜಧಾನಿಯ ನೆಲದಲ್ಲಿ ಹಳೆಯ ಕಲ್ಲೆಲ್ಲವೂ ಅವಶೇಷವಲ್ಲ. ಅಕ್ಷರವಿರುವ ತುಂಡೊಂದು ದವಡೆಗೆ ಬಿದ್ದರೆ ಅದು ಖಡಿಯಾದೀತೇ ಹೊರತು ಮರಳಿ ಶಾಸನವಾಗದು.

ಆದುದರಿಂದ ಈ ಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ಎರಡು ಕಾರ್ಯಗಳನ್ನು ಕೈಗೊಳ್ಳಬೇಕು: ಕೆಡವುವ ಮುನ್ನ ಕಲ್ಲುಗಳನ್ನು ಪರಿಶೀಲಿಸುವುದು, ಕೈಯಿಂದ ಖಡಿ ಒಡೆದ ಹಿರಿಯರ ಮಾತುಗಳನ್ನು ಬರೆದಿಡುವುದು. ಕಾಯಕಕ್ಕೆ ಗೌರವ ತಂದ ಊರಿನಲ್ಲಿ ಕಾಯಕದವರ ಚರಿತ್ರೆಯು ಅಲಿಖಿತವಾಗಿ ಉಳಿಯುವುದು ಉಚಿತವಲ್ಲ.