‘ಒಂದು ಸುತ್ತು’ ಎಂಬ ಸೂಚನೆ: ಗೋ-ಕಾರ್ಟ್ ಕಾರ್ಬುರೇಟರಿನ ಇತಿಹಾಸದಲ್ಲೊಂದು ಪುನರ್ವಿಚಾರ

ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ನಿರ್ಮಿತವಾದ ವೆಸ್ಟ್ ಬೆಂಡ್ ಎಂಜಿನನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸರು 1956ರಲ್ಲಿ ಕೊಳವೆಗಳ ಚೌಕಟ್ಟಿಗೆ ಬಿಗಿದ ವೃತ್ತಾಂತವು ಸುಪರಿಚಿತವಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದು ಅನವಶ್ಯಕ. ಪರಿಶೀಲನಾರ್ಹವಾದುದು, ಕಾರ್ಟಿನ ಕಾರ್ಬುರೇಟರು ಮೋಟಾರುಕಾರಿನದರ ಸಂಕ್ಷಿಪ್ತ ರೂಪವೆಂದೂ, ಅದನ್ನು ಹೊಂದಿಸುವುದೆಂದರೆ ಶಕ್ತಿ ಮತ್ತು ಮಿತವ್ಯಯಗಳ ನಡುವಣ ಸಮತೋಲನವಷ್ಟೇ ಎಂದೂ ಪೂರ್ವಸೂರಿಗಳಲ್ಲಿ ಕೆಲವರು ಪ್ರತಿಪಾದಿಸಿರುವ ಮತ. ಇದಕ್ಕೆ ಅವರು ಒಡ್ಡುವ ಮುಖ್ಯ ಪ್ರಮಾಣ ಒಂದೇ: ಪೆಟ್ರೋಲನ್ನು ಅಳೆಯಲು ಮಂದಗತಿಗೊಂದು, ವೇಗಕ್ಕೊಂದು ಇರುವ ಎರಡು ಸೂಜಿ-ಸ್ಕ್ರೂಗಳನ್ನೂ ಮೆಲ್ಲನೆ ತಳ ಮುಟ್ಟುವವರೆಗೆ ತಿರುಗಿಸಿ, ಬಳಿಕ ಸುಮಾರು ಒಂದು ಸುತ್ತು ಬಿಚ್ಚಬೇಕೆಂಬ ರೂಢಿಯ ಸೂಚನೆ.

ಈ ಪ್ರಮಾಣವನ್ನು ಅವರು ಅರ್ಧಕ್ಕೇ ಓದಿ ಬಿಟ್ಟಿರುವರು. ಒಂದು ಸುತ್ತು ಎಂಬುದು ಎಂಜಿನ್ ಹೊತ್ತಿಕೊಳ್ಳಲು ಸಾಕಾಗುವ ಆರಂಭಸ್ಥಾನ. ನಿಜವಾದ ಹೊಂದಾಣಿಕೆ ನಡೆಯುವುದು ಎಂಜಿನ್ ಕಾದ ಮೇಲೆ, ಭಾರ ಹೊತ್ತು ಓಡುವಾಗ. ಮಂದಗತಿಯ ಸೂಜಿಯ ಮಾರ್ಗವು ಪೂರ್ಣವೇಗದಲ್ಲಿಯೂ ಕೊಂಚ ಪೆಟ್ರೋಲನ್ನು ಒದಗಿಸುತ್ತಲೇ ಇರುವುದರಿಂದ ಅದನ್ನು ಮೊದಲು ಹೊಂದಿಸಿ, ತರುವಾಯವೇ ವೇಗದ ಸೂಜಿಗೆ ಕೈಹಾಕಬೇಕಾಗುತ್ತದೆ. ಬೆಳಗಿನ ತಂಪುಗಾಳಿಯಲ್ಲಿ ಸರಿಯಾದ ಸ್ಥಾನವು ಮಧ್ಯಾಹ್ನದ ವಿರಳವಾದ ಬಿಸಿಗಾಳಿಯಲ್ಲಿ ಸರಿಯಾಗಿರಬೇಕಾದ ನಿಯಮವಿಲ್ಲ. ಇಂತಹ ಚಲಸ್ಥಿತಿಯ ಆರಂಭಾಂಕವನ್ನು ಸಿದ್ಧಾಂತವೆಂದು ಭಾವಿಸುವುದು ಎಂತಹ ವಿಮರ್ಶೆ?

ವಂಶಾವಳಿಯೂ ಅವರ ಮತಕ್ಕೆ ವಿರುದ್ಧವಾಗಿಯೇ ಇದೆ. ಎರಡು ಸ್ಟ್ರೋಕಿನ ಕಾರ್ಟುಗಳಲ್ಲಿ ಪ್ರಸಿದ್ಧವಾದ ಟಿಲ್ಲಟ್‌ಸನ್ ಎಚ್‌ಎಲ್ ಮರ ಕೊಯ್ಯುವ ಚೈನ್ ಗರಗಸದ ಕುಲದ್ದು. ಗರಗಸದ ಎಂಜಿನ್ನುಗಳಿಗೆ ಹೆಸರಾದ ಮೆಕಲಕ್ ಸಂಸ್ಥೆಯೇ 1959ರ ವೇಳೆಗೆ ಕಾರ್ಟಿನ ಎಂಜಿನ್ನುಗಳನ್ನು ಹೊರತಂದಿತು. ಅಡ್ಡಲಾಗಿ, ತಲೆಕೆಳಗಾಗಿ ಹಿಡಿಯುವ ಗರಗಸದಲ್ಲಿ, ಪೆಟ್ರೋಲಿನ ಮಟ್ಟವನ್ನು ಕಾಯುವ ಫ್ಲೋಟ್ ಕೆಲಸಮಾಡದು. ಆದುದರಿಂದ ಅದರ ಸ್ಥಾನಕ್ಕೆ, ಹೇಗೆ ಹಿಡಿದರೂ ಕೆಲಸಮಾಡುವ ಡಯಾಫ್ರಮ್ ಬಂದಿತು. ತಿರುವಿನಲ್ಲಿ ಪೆಟ್ರೋಲು ಒಂದೇ ಮಗ್ಗುಲಿಗೆ ನುಗ್ಗುವ ಕಾರ್ಟಿಗೂ ಅದೇ ಗುಣ ಉಪಕಾರಕವಾಯಿತು. (ಫ್ಲೋಟ್ ಇರುವ ಕಾರ್ಟುಗಳೂ ಉಂಟು, ನನ್ನ ವಾದ ಅವನ್ನು ಕುರಿತುದಲ್ಲ.)

ನಿರ್ಣಾಯಕವಾದ ಸಾಕ್ಷ್ಯವನ್ನು ಮಾತ್ರ ಪೂರ್ವಸೂರಿಗಳು ಸ್ಪರ್ಧಾಳುಗಳ ಆಡಂಬರವೆಂದು ತಳ್ಳಿಹಾಕಿರುವರು. 100 ಸಿಸಿಯ ಕಾರ್ಟುಗಳ ಚಾಲಕರು ನೇರ ಹಾದಿಯ ಕೊನೆಯಲ್ಲಿ, ವೇಗ ತಗ್ಗಿಸುವ ಮುನ್ನ, ಕೈಯನ್ನು ಹಿಂದಕ್ಕೆ ಚಾಚಿ ಗಾಳಿ ಒಳಬರುವ ಬಾಯನ್ನು ಅಂಗೈಯಿಂದ ಕ್ಷಣಕಾಲ ಮುಚ್ಚುತ್ತಿದ್ದರು. ಇಂತಹ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಜಾರೆಣ್ಣೆ ಪೆಟ್ರೋಲಿನಲ್ಲಿಯೇ ಬೆರೆತಿರುತ್ತದೆ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ, ತಾಪವೇರಿ, ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಳ್ಳುತ್ತದೆ. ಪೆಡಲನ್ನು ಬಿಟ್ಟ ಮೇಲೂ ಚಕ್ರಗಳು ಎಂಜಿನನ್ನು ಮಹಾವೇಗದಿಂದ ತಿರುಗಿಸುತ್ತಿರುವಾಗ ಈ ಅಪಾಯ ಅತ್ಯಧಿಕ. ಅಂಗೈಯ ತಡೆಯಿಂದ ಗಾಳಿ ತಗ್ಗಿ, ಎಣ್ಣೆ ಬೆರೆತ ಪೆಟ್ರೋಲು ಹೆಚ್ಚಾಗಿ ಸೆಳೆಯಲ್ಪಡುತ್ತಿದ್ದಿತು. ಹೊಂದಾಣಿಕೆಯ ಉದ್ದೇಶ ಮಿತವ್ಯಯವೇ ಆಗಿದ್ದ ಪಕ್ಷದಲ್ಲಿ, ಶಕ್ತಿ ಬೇಡವಾದ ಆ ಗಳಿಗೆಯಲ್ಲಿಯೇ ಪೆಟ್ರೋಲನ್ನು ಹೆಚ್ಚಿಸುವ ಈ ಕ್ರಮಕ್ಕೆ ಅವರು ಯಾವ ಕಾರಣವನ್ನು ಹೇಳಬಲ್ಲರು?

ಆದುದರಿಂದ ಕಾರ್ಟಿನ ಸೂಜಿಯು ಇಂಧನವನ್ನು ಅಳೆಯುವಷ್ಟೇ ಮುಖ್ಯವಾಗಿ ಎಣ್ಣೆಯನ್ನೂ ತಂಪನ್ನೂ ಅಳೆಯುತ್ತದೆಂದು ಒಪ್ಪಲೇಬೇಕು. ಇದರ ಚರಿತ್ರೆಯನ್ನು ಬರೆಯುವವರು ಇನ್ನಾದರೂ ಮೋಟಾರುಕಾರಿನ ಗ್ರಂಥಗಳನ್ನು ಬದಿಗಿರಿಸಿ, ಗರಗಸದ ಕೈಪಿಡಿಗಳಿಂದಲೂ ಚಾಲಕರ ಅಭ್ಯಾಸದಿಂದಲೂ ಆರಂಭಿಸಬೇಕು.