ಅಭಿಷೇಕ (ಕ್ರೈಸ್ತ ಧರ್ಮ)

ಕ್ರೈಸ್ತ ಧರ್ಮದಲ್ಲಿ ಅಭಿಷೇಕ ಎಂದರೆ ವ್ಯಕ್ತಿಯನ್ನಾಗಲಿ ವಸ್ತುವನ್ನಾಗಲಿ ದೇವರ ಸೇವೆಗಾಗಿ ಪ್ರತ್ಯೇಕಿಸಿದ್ದರ ಗುರುತಾಗಿ ಪವಿತ್ರ ತೈಲವನ್ನು ಹಚ್ಚುವ ಅಥವಾ ಸುರಿಯುವ ಕ್ರಿಯೆ. ಪವಿತ್ರಾತ್ಮನು ವಿಶ್ವಾಸಿಯಲ್ಲಿ ನೆಲೆಸಿ ಅವನಿಗೆ ಜ್ಞಾನ, ಬಲ ಮತ್ತು ಸೇವಾಸಾಮರ್ಥ್ಯಗಳನ್ನು ದಯಪಾಲಿಸುವುದನ್ನು ಸೂಚಿಸಲು ಸಹ ಇದೇ ಪದ ಬಳಕೆಯಲ್ಲಿದೆ. ತೈಲದ ಬಳಕೆ ಇದ್ದರೂ ಇಲ್ಲದಿದ್ದರೂ ಈ ಎರಡನೆಯ ಅರ್ಥವನ್ನು ಆತ್ಮಿಕ ಅಭಿಷೇಕ ಎಂದು ಕರೆಯಲಾಗುತ್ತದೆ. ಯೇಸುವಿಗೆ ಸಲ್ಲುವ 'ಕ್ರಿಸ್ತ' ಎಂಬ ಬಿರುದಿನ ಅರ್ಥವೇ 'ಅಭಿಷಿಕ್ತನು' ಎಂದಾಗಿರುವುದರಿಂದ ಈ ಪರಿಕಲ್ಪನೆ ಆ ಧರ್ಮದ ಹೆಸರಿನಲ್ಲಿಯೇ ಅಡಕವಾಗಿದೆ.

ಪದಮೂಲ

ಹೀಬ್ರೂ ಭಾಷೆಯಲ್ಲಿ 'ಮಾಷಖ್' ಎಂಬ ಕ್ರಿಯಾಪದಕ್ಕೆ ತೈಲವನ್ನು ಸವರು, ಹಚ್ಚು ಎಂಬ ಅರ್ಥವಿದೆ. ಅದರಿಂದ ಬಂದ 'ಮಾಷಿಯಖ್' ಎಂಬ ನಾಮಪದವೇ ಕನ್ನಡದಲ್ಲಿ 'ಮೆಸ್ಸೀಯ' ಎಂದಾಗಿದೆ. ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕ್ ಭಾಷೆಗೆ ಅನುವಾದಿಸಿದವರು ಈ ಪದಕ್ಕೆ 'ಖ್ರಿಸ್ತೊಸ್' ಎಂಬ ಪದವನ್ನು ಬಳಸಿದರು. ಹೀಗಾಗಿ ಮೆಸ್ಸೀಯ ಮತ್ತು ಕ್ರಿಸ್ತ ಎಂಬೆರಡೂ ಸಮಾನಾರ್ಥಕ ಪದಗಳು.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಎರಡು ಕ್ರಿಯಾಪದಗಳು ಕಂಡುಬರುತ್ತವೆ. ಮೈಗೆ ಎಣ್ಣೆ ಹಚ್ಚುವುದು, ರೋಗಿಗೆ ತೈಲ ಸವರುವುದು ಮುಂತಾದ ಕ್ರಿಯೆಗಳಿಗೆ 'ಅಲೈಫೊ' ಎಂಬ ಪದ ಬಳಕೆಯಾಗಿದೆ. 'ಖ್ರಿಯೊ' ಎಂಬ ಪದವು ದೇವರೇ ಅಭಿಷೇಕಿಸುವ ಸಂದರ್ಭಗಳಲ್ಲಿ ಮಾತ್ರ ಬಂದಿದೆ.

ಕನ್ನಡದಲ್ಲಿ ಬಳಕೆಯಲ್ಲಿರುವ 'ಅಭಿಷೇಕ' ಪದವು ಸುರಿಯುವುದು, ಚಿಮುಕಿಸುವುದು ಎಂಬರ್ಥದ 'ಸಿಚ್' ಎಂಬ ಸಂಸ್ಕೃತ ಧಾತುವಿನಿಂದಲೂ, 'ಅಭ್ಯಂಜನ' ಪದವು ಸವರುವುದು ಎಂಬರ್ಥದ 'ಅಂಜ್' ಧಾತುವಿನಿಂದಲೂ ಬಂದಿವೆ. ಧಾತ್ವರ್ಥವನ್ನು ನೋಡಿದರೆ ಹೀಬ್ರೂ ಪದಕ್ಕೆ ಎರಡನೆಯದೇ ಹತ್ತಿರವಾದರೂ, ಕನ್ನಡ ಓದುಗರಿಗೆ ಅಭ್ಯಂಜನವು ಹಬ್ಬದ ಎಣ್ಣೆಸ್ನಾನವನ್ನು ನೆನಪಿಸುತ್ತದೆ. ಪಟ್ಟಾಭಿಷೇಕದ ನೆನಪನ್ನು ಹೊತ್ತ ಅಭಿಷೇಕ ಪದವು ನೇಮಕ ಮತ್ತು ಪಾವಿತ್ರ್ಯದ ಅರ್ಥವನ್ನು ಕೊಡುತ್ತದೆ. ರೋಗಿಗಳಿಗೆ ತೈಲ ಹಚ್ಚುವ ಸಂಸ್ಕಾರಕ್ಕೆ ಕಥೋಲಿಕರಲ್ಲಿ 'ಅಭ್ಯಂಗ' ಎಂಬ ಪದವೂ ರೂಢಿಯಲ್ಲಿದೆ.

ಹಳೆಯ ಒಡಂಬಡಿಕೆಯಲ್ಲಿ

ಪ್ರಾಚೀನ ಪಶ್ಚಿಮ ಏಷ್ಯಾದಲ್ಲಿ ಆಲಿವ್ ಎಣ್ಣೆಯು ಆಹಾರ, ದೀಪ, ಔಷಧ ಹಾಗೂ ಚರ್ಮರಕ್ಷಣೆಗಳಿಗೆ ಬೇಕಾದ ನಿತ್ಯೋಪಯೋಗಿ ವಸ್ತುವಾಗಿತ್ತು. ಅತಿಥಿಯ ತಲೆಗೆ ಎಣ್ಣೆ ಹಚ್ಚುವುದು ಸತ್ಕಾರದ ಭಾಗವಾಗಿತ್ತು. ಈ ದಿನಬಳಕೆಯ ವಸ್ತುವೇ ಧಾರ್ಮಿಕ ವಿಧಿಯಲ್ಲಿ ವಿಶೇಷ ಅರ್ಥವನ್ನು ಪಡೆಯಿತು. ಯಾಕೋಬನು ಬೇತೇಲಿನಲ್ಲಿ ತಾನು ತಲೆದಿಂಬಾಗಿ ಇಟ್ಟುಕೊಂಡಿದ್ದ ಕಲ್ಲನ್ನು ಸ್ತಂಭವಾಗಿ ನಿಲ್ಲಿಸಿ ಅದರ ಮೇಲೆ ಎಣ್ಣೆ ಹೊಯ್ದ ಪ್ರಸಂಗವು ಆದಿಕಾಂಡದ 28ನೆಯ ಅಧ್ಯಾಯದಲ್ಲಿದೆ.

ವಿಮೋಚನಕಾಂಡದ 30ನೆಯ ಅಧ್ಯಾಯವು ಅಭಿಷೇಕ ತೈಲವನ್ನು ಸಿದ್ಧಪಡಿಸುವ ಕ್ರಮವನ್ನು ತಿಳಿಸುತ್ತದೆ. 500 ಶೆಕೆಲ್ ರಕ್ತಬೋಳ, 250 ಶೆಕೆಲ್ ಸುಗಂಧದ ದಾಲ್ಚಿನ್ನಿ, 250 ಶೆಕೆಲ್ ಬಜೆ ಮತ್ತು 500 ಶೆಕೆಲ್ ಕಾಸಿಯ ಚಕ್ಕೆಯನ್ನು ಒಂದು ಹಿನ್ ಅಳತೆಯ ಆಲಿವ್ ಎಣ್ಣೆಯಲ್ಲಿ ಕೂಡಿಸಬೇಕಾಗಿತ್ತು. ಇದನ್ನು ಸಾಮಾನ್ಯ ಜನರ ಮೈಗೆ ಹಚ್ಚುವುದನ್ನೂ ಇದೇ ಮಿಶ್ರಣವನ್ನು ಸ್ವಂತಕ್ಕಾಗಿ ತಯಾರಿಸುವುದನ್ನೂ ನಿಷೇಧಿಸಲಾಗಿತ್ತು. ದೇವದರ್ಶನದ ಗುಡಾರ, ಯಜ್ಞವೇದಿ, ಪಾತ್ರೆಗಳು ಹಾಗೂ ಯಾಜಕರು ಈ ತೈಲದಿಂದ ಅಭಿಷೇಕ ಹೊಂದುತ್ತಿದ್ದರು.

ಅಭಿಷೇಕ ಹೊಂದುತ್ತಿದ್ದವರಲ್ಲಿ ಮುಖ್ಯವಾಗಿ ಮೂರು ವರ್ಗದವರನ್ನು ಗುರುತಿಸಲಾಗುತ್ತದೆ:

ಯಾಜಕರು: ಮೋಶೆಯು ಆರೋನನ ತಲೆಯ ಮೇಲೆ ತೈಲವನ್ನು ಹೊಯ್ದು ಅವನನ್ನು ಪ್ರತಿಷ್ಠಿಸಿದನು.

ಅರಸರು: ಪ್ರವಾದಿಯಾದ ಸಮುವೇಲನು ಮೊದಲು ಸೌಲನನ್ನೂ ಅನಂತರ ದಾವೀದನನ್ನೂ ಅಭಿಷೇಕಿಸಿದನು. ಯಾಜಕನಾದ ಚಾದೋಕನು ಸೊಲೊಮೋನನನ್ನು ಅಭಿಷೇಕಿಸಿದನು.

ಪ್ರವಾದಿಗಳು: ಎಲೀಷನನ್ನು ತನ್ನ ಸ್ಥಾನದಲ್ಲಿ ಪ್ರವಾದಿಯಾಗಿ ಅಭಿಷೇಕಿಸಬೇಕೆಂಬ ಅಪ್ಪಣೆ ಎಲೀಯನಿಗೆ ದೊರೆಯಿತು.

ದಾವೀದನ ಪ್ರಸಂಗದಲ್ಲಿ ತೈಲಕ್ಕೂ ಆತ್ಮಕ್ಕೂ ಇರುವ ಸಂಬಂಧವು ಸ್ಪಷ್ಟವಾಗಿ ಕಾಣುತ್ತದೆ. ಕುರಿ ಕಾಯುತ್ತಿದ್ದ ಕಿರಿಯ ಮಗನಾದ ಅವನ ತಲೆಯ ಮೇಲೆ ತೈಲ ಬಿದ್ದ ದಿನದಿಂದ ದೇವರ ಆತ್ಮವು ಅವನ ಮೇಲೆ ಬಂದಿತೆಂದು ಸಮುವೇಲನ ಮೊದಲನೆಯ ಗ್ರಂಥದ 16ನೆಯ ಅಧ್ಯಾಯವು ಹೇಳುತ್ತದೆ. ಅದರ ಮುಂದಿನ ವಚನವೇ ದೇವರ ಆತ್ಮವು ಸೌಲನನ್ನು ಬಿಟ್ಟುಹೋದುದನ್ನು ತಿಳಿಸುತ್ತದೆ. ಪ್ರವಾದಿ ಯೆಶಾಯನ ಗ್ರಂಥದ 45ನೆಯ ಅಧ್ಯಾಯದಲ್ಲಿ ಇಸ್ರೇಲಿನವನಲ್ಲದ ಪರ್ಷಿಯದ ಅರಸ ಕೋರೆಷನನ್ನೂ ದೇವರ ಅಭಿಷಿಕ್ತನೆಂದು ಕರೆಯಲಾಗಿದೆ. ಬ್ಯಾಬಿಲೋನಿನಲ್ಲಿ ಸೆರೆಯಾಗಿದ್ದ ಯೆಹೂದ್ಯರು ತಾಯ್ನಾಡಿಗೆ ಮರಳಲು ಅವಕಾಶವಾದುದು ಅವನ ಆಳ್ವಿಕೆಯಲ್ಲಿ. ಅವನಿಗೆ ತೈಲ ಹಚ್ಚಿದ ಉಲ್ಲೇಖವಿಲ್ಲ. ಇಲ್ಲಿ ಅಭಿಷೇಕವೆಂದರೆ ಒಂದು ಕಾರ್ಯಕ್ಕಾಗಿ ಆಯ್ಕೆಯಾಗುವುದು ಎಂದರ್ಥ.

ಹೊಸ ಒಡಂಬಡಿಕೆಯಲ್ಲಿ

ಲೂಕನ ಸುವಾರ್ತೆಯ 4ನೆಯ ಅಧ್ಯಾಯದ ಪ್ರಕಾರ ಯೇಸುವು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಗ್ರಂಥದ 61ನೆಯ ಅಧ್ಯಾಯದ ಭಾಗವನ್ನು ಓದಿ, ಆ ಮಾತು ಅಂದೇ ನೆರವೇರಿತೆಂದು ಸಾರಿದನು. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ, ದಬ್ಬಾಳಿಕೆಗೆ ಒಳಗಾದವರಿಗೆ ವಿಮೋಚನೆ ಎಂಬಿವು ಆ ಅಭಿಷೇಕದ ಉದ್ದೇಶಗಳಾಗಿ ಅಲ್ಲಿ ಹೇಳಲ್ಪಟ್ಟಿವೆ. ಯೇಸುವಿಗೆ ಯಾಜಕನಾಗಲಿ ಪ್ರವಾದಿಯಾಗಲಿ ತೈಲಾಭಿಷೇಕ ಮಾಡಲಿಲ್ಲ. ಯೊರ್ದನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದಾಗ ಪವಿತ್ರಾತ್ಮನು ಇಳಿದುಬಂದುದನ್ನೇ ಅವನ ಅಭಿಷೇಕವೆಂದು ಕ್ರೈಸ್ತರು ಗ್ರಹಿಸುತ್ತಾರೆ. ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿ ಪೇತ್ರನು ಮಾಡಿದ ಪ್ರಸಂಗವು ಈ ಅರ್ಥವನ್ನು ಪುಷ್ಟೀಕರಿಸುತ್ತದೆ.

ಸುವಾರ್ತೆಗಳಲ್ಲಿ ಯೇಸುವಿಗೆ ಪರಿಮಳ ತೈಲವನ್ನು ಹಚ್ಚಿದವರು ಸ್ತ್ರೀಯರು. ಬೇಥಾನ್ಯದಲ್ಲಿ ಒಬ್ಬ ಸ್ತ್ರೀಯು ಬೆಲೆಬಾಳುವ ಜಟಾಮಾಂಸಿ ತೈಲವನ್ನು ಅವನ ತಲೆಯ ಮೇಲೆ ಹೊಯ್ದಳೆಂದು ಮಾರ್ಕನೂ, ಮರಿಯಳು ಪಾದಗಳಿಗೆ ಹಚ್ಚಿದಳೆಂದು ಯೋಹಾನನೂ ಬರೆದಿದ್ದಾರೆ. ಅದನ್ನು 300 ದಿನಾರಿಗಳಿಗೆ ಮಾರಿ ಬಡವರಿಗೆ ಕೊಡಬಹುದಿತ್ತೆಂಬ ಆಕ್ಷೇಪಕ್ಕೆ ಉತ್ತರವಾಗಿ ಯೇಸುವು ಆಕೆಯ ಕಾರ್ಯವನ್ನು ತನ್ನ ಶವಸಂಸ್ಕಾರದ ಸಿದ್ಧತೆಯೆಂದು ವಿವರಿಸಿದನು.

ರೋಗಿಗಳಿಗೆ ತೈಲ ಹಚ್ಚುವ ಪದ್ಧತಿಗೆ ಎರಡು ಮುಖ್ಯ ಆಧಾರಗಳಿವೆ. ಹನ್ನೆರಡು ಮಂದಿ ಶಿಷ್ಯರು ಅನೇಕ ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸಿದರೆಂದು ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯ ತಿಳಿಸುತ್ತದೆ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಬೇಕು, ಅವರು ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಬೇಕು ಎಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಸೂಚಿಸುತ್ತದೆ.

ಆತ್ಮಿಕ ಅಭಿಷೇಕದ ಅರ್ಥ

ಹಳೆಯ ಒಡಂಬಡಿಕೆಯಲ್ಲಿ ಆಯ್ದ ಕೆಲವರಿಗೆ ಮಾತ್ರ ದೊರೆಯುತ್ತಿದ್ದ ಅಭಿಷೇಕವು ಹೊಸ ಒಡಂಬಡಿಕೆಯಲ್ಲಿ ಎಲ್ಲ ವಿಶ್ವಾಸಿಗಳಿಗೂ ವಿಸ್ತರಿಸುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಪೌಲನು ಅಭಿಷೇಕ, ಮುದ್ರೆ ಮತ್ತು ಸಂಚಕಾರ ಎಂಬ ಮೂರು ಚಿತ್ರಗಳನ್ನು ಒಟ್ಟಿಗೆ ಬಳಸುತ್ತಾನೆ. ಮುದ್ರೆಯು ಒಡೆತನದ ಗುರುತು. ಸಂಚಕಾರವೆಂದರೆ ಮುಂದೆ ಪೂರ್ಣವಾಗಿ ದೊರೆಯುವುದಕ್ಕೆ ಈಗಲೇ ಕೊಡುವ ಮುಂಗಡ. ಈ ಎರಡರ ಜೊತೆಯಲ್ಲಿ ಅಭಿಷೇಕವು ಸೇವೆಗಾಗಿ ಮಾಡಿದ ನೇಮಕವನ್ನು ಸೂಚಿಸುತ್ತದೆ.

ಯೋಹಾನನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯವು ಇನ್ನೊಂದು ಮುಖವನ್ನು ತೋರಿಸುತ್ತದೆ. ಸಭೆಯನ್ನು ಬಿಟ್ಟುಹೋದ ಕೆಲವರು ಉಳಿದವರನ್ನು ಮೋಸಗೊಳಿಸಲು ಯತ್ನಿಸುತ್ತಿದ್ದ ಸಂದರ್ಭದಲ್ಲಿ, ಅಭಿಷೇಕವು ತಮ್ಮಲ್ಲಿ ಈಗಾಗಲೇ ನೆಲೆಗೊಂಡಿದೆ ಮತ್ತು ಸತ್ಯವನ್ನು ಗುರುತಿಸಲು ಅದು ಕಲಿಸುತ್ತದೆ ಎಂದು ಲೇಖಕನು ಓದುಗರಿಗೆ ಭರವಸೆ ನೀಡುತ್ತಾನೆ. ಇಲ್ಲಿ ಅಭಿಷೇಕವು ವಿವೇಚನಾಶಕ್ತಿಯಾಗಿದೆ. ಅದು ನಾಯಕರಿಗೆ ಸೀಮಿತವಾಗಿಲ್ಲ.

ಆದಿಸಭೆಯ ಆಚರಣೆ

ಎರಡನೆಯ ಶತಮಾನದಲ್ಲಿ ಅಂತಿಯೋಕ್ಯದ ಥಿಯೋಫಿಲಸ್ ತಾವು ದೇವರ ತೈಲದಿಂದ ಅಭಿಷೇಕ ಹೊಂದಿರುವುದರಿಂದಲೇ ಕ್ರೈಸ್ತರೆನಿಸಿಕೊಂಡಿರುವುದಾಗಿ ಬರೆದನು. ಉತ್ತರ ಆಫ್ರಿಕದ ತೆರ್ತುಲಿಯನ್ ಸ್ನಾನದೀಕ್ಷೆಯನ್ನು ಕುರಿತು ಬರೆದ ಗ್ರಂಥದಲ್ಲಿ, ನೀರಿನಿಂದ ಹೊರಬಂದವರಿಗೆ ತೈಲ ಹಚ್ಚುವ ರೂಢಿಯನ್ನು ಉಲ್ಲೇಖಿಸಿ ಅದನ್ನು ಆರೋನನ ಅಭಿಷೇಕಕ್ಕೆ ಹೋಲಿಸಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಸಿರಿಲನ ಹೆಸರಿನಲ್ಲಿರುವ ಉಪದೇಶಗಳು ಹಣೆ, ಕಿವಿ, ಮೂಗು ಮತ್ತು ಎದೆಗೆ ತೈಲ ಹಚ್ಚುವುದರ ಅರ್ಥವನ್ನು ವಿವರಿಸುತ್ತವೆ.

ವಿವಿಧ ಸಭೆಗಳಲ್ಲಿ

ಕಥೋಲಿಕ ಸಭೆ: ಈ ಸಭೆಯಲ್ಲಿ ದೀಕ್ಷಾರ್ಥಿಗಳ ತೈಲ, ರೋಗಿಗಳ ತೈಲ ಹಾಗೂ ಪರಿಮಳದ್ರವ್ಯ ಬೆರೆಸಿದ ಕ್ರಿಸ್ಮ ಎಂಬ ಮೂರು ಬಗೆಯ ತೈಲಗಳಿವೆ. ಇವನ್ನು ಸಾಮಾನ್ಯವಾಗಿ ಪವಿತ್ರ ವಾರದಲ್ಲಿ ಬಿಷಪರು ನಡೆಸುವ ವಿಶೇಷ ಪೂಜೆಯಲ್ಲಿ ಪವಿತ್ರೀಕರಿಸಲಾಗುತ್ತದೆ. ಜ್ಞಾನಸ್ನಾನ, ದೃಢೀಕರಣ, ಯಾಜಕದೀಕ್ಷೆ ಹಾಗೂ ದೇವಾಲಯದ ಪ್ರತಿಷ್ಠಾಪನೆಗಳಲ್ಲಿ ಕ್ರಿಸ್ಮ ಬಳಕೆಯಾಗುತ್ತದೆ. ರೋಗಿಗಳ ಅಭ್ಯಂಗವು ಮಧ್ಯಯುಗದಲ್ಲಿ ಕ್ರಮೇಣ ಮರಣಶಯ್ಯೆಗೆ ಸೀಮಿತವಾಗಿ 'ಅಂತಿಮ ಅಭ್ಯಂಗ' ಎನಿಸಿಕೊಂಡಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಇದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದೇ ಸೂಕ್ತವೆಂದು ಸ್ಪಷ್ಟಪಡಿಸಿತು. 1972ರಲ್ಲಿ ಪೋಪ್ ಆರನೆಯ ಪೌಲರು ವಿಧಿಯನ್ನು ಪರಿಷ್ಕರಿಸಿ, ಹಣೆ ಮತ್ತು ಕೈಗಳಿಗೆ ತೈಲ ಹಚ್ಚುವ ಕ್ರಮವನ್ನು ಜಾರಿಗೆ ತಂದರು. ಆಲಿವ್ ಎಣ್ಣೆ ದೊರೆಯದೆಡೆ ಬೇರೆ ಸಸ್ಯಜನ್ಯ ಎಣ್ಣೆಯ ಬಳಕೆಗೂ ಅನುಮತಿ ನೀಡಿದರು.

ಆರ್ಥೊಡಾಕ್ಸ್ ಸಭೆಗಳು: ಇಲ್ಲಿ ಶಿಶುಗಳಿಗೂ ಸ್ನಾನದೀಕ್ಷೆಯ ಬೆನ್ನಲ್ಲೇ ಪವಿತ್ರ ತೈಲದ ಮುದ್ರೆ ಹಾಕಲಾಗುತ್ತದೆ. ಆಲಿವ್ ಎಣ್ಣೆಗೆ ಅನೇಕ ಸುಗಂಧದ್ರವ್ಯಗಳನ್ನು ಕೂಡಿಸಿ ತಯಾರಿಸುವ ಈ ತೈಲವನ್ನು ಗ್ರೀಕರು 'ಮಿರೋನ್' ಎಂದೂ ಸಿರಿಯಾಕ್ ಪರಂಪರೆಯವರು 'ಮೂರೋನ್' ಎಂದೂ ಕರೆಯುತ್ತಾರೆ. ಕೇರಳದ ಮಲಂಕರ ಸಭೆಗಳು ಈ ಸಿರಿಯಾಕ್ ಪರಂಪರೆಗೆ ಸೇರಿವೆ. ಅರ್ಮೇನಿಯದ ಸಭೆಯಲ್ಲಿ ಹೊಸ ತೈಲಕ್ಕೆ ಹಳೆಯದರ ಅಂಶವನ್ನು ಬೆರೆಸಿ ನಿರಂತರತೆಯನ್ನು ಕಾಪಾಡಲಾಗುತ್ತದೆ.

ಪ್ರೊಟೆಸ್ಟಂಟ್ ಸಭೆಗಳು: 16ನೆಯ ಶತಮಾನದ ಸುಧಾರಕರಾದ ಲೂಥರ್ ಮತ್ತು ಕ್ಯಾಲ್ವಿನ್ ತೈಲಾಭ್ಯಂಗವನ್ನು ಸಂಸ್ಕಾರವೆಂದು ಒಪ್ಪಲಿಲ್ಲ. ಇಂಗ್ಲೆಂಡಿನ ಸಭೆಯ 1549ರ ಪ್ರಾರ್ಥನಾ ಪುಸ್ತಕದಲ್ಲಿದ್ದ ರೋಗಿಗಳ ಅಭ್ಯಂಗವನ್ನು 1552ರ ಆವೃತ್ತಿಯಲ್ಲಿ ಕೈಬಿಡಲಾಯಿತು. 20ನೆಯ ಶತಮಾನದಲ್ಲಿ ಹಲವು ಆಂಗ್ಲಿಕನ್ ಮತ್ತು ಲೂಥರನ್ ಸಭೆಗಳು ಈ ಪದ್ಧತಿಯನ್ನು ಪುನಃ ಅಳವಡಿಸಿಕೊಂಡವು.

ಪೆಂಟೆಕೋಸ್ಟಲ್ ಸಭೆಗಳು: 1906ರಲ್ಲಿ ಲಾಸ್ ಏಂಜಲೀಸ್ ನಗರದ ಅಜೂಸಾ ಬೀದಿಯಲ್ಲಿ ಆಫ್ರಿಕನ್-ಅಮೆರಿಕನ್ ಬೋಧಕ ವಿಲಿಯಂ ಸೈಮರ್ ಅವರ ನೇತೃತ್ವದಲ್ಲಿ ನಡೆದ ಪ್ರಾರ್ಥನಾ ಕೂಟಗಳು ಈ ಚಳವಳಿಯನ್ನು ವ್ಯಾಪಕಗೊಳಿಸಿದವು. ಇಲ್ಲಿ ಅಭಿಷೇಕವೆಂದರೆ ಪ್ರಸಂಗ, ಪ್ರವಾದನೆ, ರೋಗಶಮನ ಮೊದಲಾದ ಸೇವೆಗಳಿಗೆ ಪವಿತ್ರಾತ್ಮನು ಕೊಡುವ ಅನುಭವಗಮ್ಯ ಬಲ. ಈ ಬಲ ಕಂಡುಬರುವ ಪ್ರಸಂಗವನ್ನೂ ಗಾಯನವನ್ನೂ ಅಭಿಷೇಕವುಳ್ಳದ್ದೆಂದು ವರ್ಣಿಸುವ ರೂಢಿ ಇದೆ.

ಅರಸರ ಅಭಿಷೇಕ

ಬೈಬಲ್ಲಿನ ಮಾದರಿಯನ್ನು ಅನುಸರಿಸಿ ಯುರೋಪಿನ ಅರಸರೂ ತೈಲಾಭಿಷೇಕ ಪಡೆಯತೊಡಗಿದರು. ವಿಸಿಗೋಥ್ ಅರಸ ವಾಂಬ 672ರಲ್ಲಿ ತೊಲೆದೊ ನಗರದಲ್ಲಿ ಅಭಿಷೇಕ ಹೊಂದಿದನು. ಫ್ರಾನ್ಸಿನಲ್ಲಿ ಈ ವಿಧಿಗೆ ಒಳಗಾದ ಕೊನೆಯ ಅರಸ ಹತ್ತನೆಯ ಚಾರ್ಲ್ಸ್. ಅದು ನಡೆದದ್ದು 1825ರಲ್ಲಿ, ರ‍್ಯಾನ್ಸ್ ನಗರದಲ್ಲಿ. ಬ್ರಿಟನ್ನಿನಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. 1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವು ದೂರದರ್ಶನದಲ್ಲಿ ಪ್ರಸಾರವಾದಾಗಲೂ ತೈಲ ಹಚ್ಚುವ ಭಾಗವನ್ನು ತೋರಿಸಲಿಲ್ಲ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ಅವರ ಅಭಿಷೇಕವು ಪರದೆಗಳ ಮರೆಯಲ್ಲಿ ನಡೆಯಿತು. ಅದಕ್ಕೆ ಬಳಸಿದ ತೈಲವನ್ನು ಜೆರುಸಲೇಮಿನ ಆಲಿವ್ ಗುಡ್ಡದ ಮರಗಳ ಹಣ್ಣುಗಳಿಂದ ತಯಾರಿಸಿ ಪವಿತ್ರ ಸಮಾಧಿಯ ದೇವಾಲಯದಲ್ಲಿ ಪವಿತ್ರೀಕರಿಸಲಾಗಿತ್ತು.

ಚರ್ಚೆ ಮತ್ತು ಟೀಕೆ

ಅಭಿಷೇಕವು ಎಲ್ಲ ವಿಶ್ವಾಸಿಗಳಿಗೂ ಸಮಾನವೋ ಅಥವಾ ಕೆಲವರಿಗೆ ವಿಶೇಷವಾಗಿ ದೊರೆಯುವುದೋ ಎಂಬುದು ಮುಖ್ಯ ಚರ್ಚಾವಿಷಯ. ಸಮಾನವೆನ್ನುವವರು ಯೋಹಾನನ ಪತ್ರಿಕೆಯನ್ನು ಆಧಾರವಾಗಿ ತೋರಿಸುತ್ತಾರೆ. ವಿಶೇಷ ಅಭಿಷೇಕವನ್ನು ಒಪ್ಪುವವರು ಅರಸರ ಹಾಗೂ ಪ್ರವಾದಿಗಳ ಉದಾಹರಣೆಗಳನ್ನೂ ಆತ್ಮಿಕ ವರಗಳ ವೈವಿಧ್ಯವನ್ನೂ ಮುಂದಿಡುತ್ತಾರೆ.

ಈ ಚರ್ಚೆಗೆ ಪ್ರಾಯೋಗಿಕ ಪರಿಣಾಮಗಳೂ ಇವೆ. ಅಭಿಷಿಕ್ತರನ್ನು ಮುಟ್ಟಬಾರದೆಂಬ 105ನೆಯ ಕೀರ್ತನೆಯ ಎಚ್ಚರಿಕೆಯನ್ನು ಕೆಲವು ಬೋಧಕರು ತಮ್ಮನ್ನು ಪ್ರಶ್ನಿಸಬಾರದೆಂಬ ಅರ್ಥದಲ್ಲಿ ಬಳಸುವುದನ್ನು ಕ್ರೈಸ್ತರೇ ಟೀಕಿಸಿದ್ದಾರೆ. ಆ ಕೀರ್ತನೆಯ ಸಂದರ್ಭವು ಅಬ್ರಹಾಮ, ಇಸಾಕ, ಯಾಕೋಬರು ಪರದೇಶಿಗಳಾಗಿ ಅಲೆಯುತ್ತಿದ್ದಾಗ ಅನ್ಯ ಅರಸರಿಂದ ದೊರೆತ ರಕ್ಷಣೆಯದ್ದು. ದಾವೀದನು ಸೌಲನನ್ನು ಕೊಲ್ಲಲು ಅವಕಾಶವಿದ್ದರೂ ಅವನು ಅಭಿಷಿಕ್ತನೆಂಬ ಕಾರಣದಿಂದ ಕೈ ಎತ್ತಲಿಲ್ಲ. ಆದರೆ ಅವನ ಅನ್ಯಾಯವನ್ನು ಬಹಿರಂಗವಾಗಿಯೇ ಎತ್ತಿ ತೋರಿಸಿದನು. ಮುಂದೆ ಅಭಿಷಿಕ್ತನಾದ ದಾವೀದನೇ ಊರೀಯನ ವಿಷಯದಲ್ಲಿ ತಪ್ಪು ಮಾಡಿದಾಗ ಪ್ರವಾದಿ ನಾತಾನನು ಅವನನ್ನು ಎದುರಿಗೇ ಖಂಡಿಸಿದನು. ಈ ಪ್ರಸಂಗಗಳ ಆಧಾರದಿಂದ, ಅಭಿಷೇಕವು ಹೊಣೆಗಾರಿಕೆಯಿಂದ ವಿನಾಯಿತಿ ನೀಡುವುದಿಲ್ಲವೆಂದು ವ್ಯಾಖ್ಯಾನಕಾರರು ವಾದಿಸುತ್ತಾರೆ.

ತೈಲದಲ್ಲಿಯೇ ರೋಗಶಮನದ ಶಕ್ತಿ ಇದೆಯೆಂಬ ಗ್ರಹಿಕೆಯೂ ಪ್ರಶ್ನೆಗೆ ಒಳಗಾಗಿದೆ. ಯಾಕೋಬನ ಪತ್ರಿಕೆಯು ಗುಣವಾಗುವುದಕ್ಕೆ ಕಾರಣವೆಂದು ಹೆಸರಿಸುವುದು ವಿಶ್ವಾಸದಿಂದ ಮಾಡಿದ ಪ್ರಾರ್ಥನೆಯನ್ನು. ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಕಟ್ಟುವ ವಿವರವಿದ್ದು, ಎಣ್ಣೆಯು ಆ ಕಾಲದ ಸಾಮಾನ್ಯ ಚಿಕಿತ್ಸೆಯ ಭಾಗವೂ ಆಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಕಥೋಲಿಕ ಸಭೆಯಲ್ಲಿ ಈ ಸಂಸ್ಕಾರವನ್ನು ವೈದ್ಯಕೀಯ ಚಿಕಿತ್ಸೆಗೆ ಬದಲಿಯಾಗಿ ಪರಿಗಣಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನವೂ ರೋಗಿಯು ಅದನ್ನು ಪಡೆಯಬಹುದು.