ಆರೋಗ್ಯವಂತ ಹೆತ್ತವರಿಗೆ ಕಾಯಿಲೆಯ ಮಗು: ಅನುವಂಶೀಯತೆಯ ನಿಯಮಗಳು ಹೇಳುವುದೇನು?

ತಂದೆ ಆರೋಗ್ಯವಂತ, ತಾಯಿಯೂ ಆರೋಗ್ಯವಂತೆ. ಎರಡೂ ಕಡೆಯ ಅಜ್ಜ-ಅಜ್ಜಿಯರಲ್ಲಿ ಯಾರಿಗೂ ಇಲ್ಲದ ರಕ್ತದ ಕಾಯಿಲೆಯೊಂದು ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. ‘ನಮ್ಮ ವಂಶದಲ್ಲೇ ಇಲ್ಲದ್ದು ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಉತ್ತರವನ್ನು ಸಾಮಾನ್ಯವಾಗಿ ಸೊಸೆಯ ತವರಿನಲ್ಲಿ ಹುಡುಕಲಾಗುತ್ತದೆ. ಪಿಯುಸಿ ಜೀವಶಾಸ್ತ್ರದ ವಿದ್ಯಾರ್ಥಿಗಳು ಅಂಕಗಳಿಗಾಗಿ ಬಾಯಿಪಾಠ ಮಾಡುವ ಹತ್ತಾರು ಪದಗಳಲ್ಲಿ ಈ ಪ್ರಶ್ನೆಗೆ ಖಚಿತವಾದ ಉತ್ತರವಿದೆ. ಆ ಉತ್ತರ ದೊರೆತದ್ದು ಆಸ್ಪತ್ರೆಯಲ್ಲಲ್ಲ, ಒಂದು ಮಠದ ಬಟಾಣಿ ತೋಟದಲ್ಲಿ.

ಮಠದ ತೋಟದ ಲೆಕ್ಕ

ಗ್ರೆಗರ್ ಮೆಂಡೆಲ್ (1822–1884) ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದ ಸಂತ ಥಾಮಸ್ ಮಠದ ಸನ್ಯಾಸಿ. 1856ರಿಂದ 1863ರವರೆಗೆ ಆತ ಸುಮಾರು 28 ಸಾವಿರ ಬಟಾಣಿ ಗಿಡಗಳನ್ನು ಬೆಳೆಸಿ, ಏಳು ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಎಣಿಸುತ್ತ ಹೋದರು. ತಂದೆ-ತಾಯಿಯರ ಗುಣಗಳು ಹಾಲಿಗೆ ನೀರು ಬೆರೆಸಿದಂತೆ ಮಕ್ಕಳಲ್ಲಿ ಬೆರೆತುಹೋಗುತ್ತವೆ ಎಂಬುದು ಆ ಕಾಲದ ಸಾಮಾನ್ಯ ನಂಬಿಕೆಯಾಗಿತ್ತು. ಮೆಂಡೆಲ್ ಅವರ ಎಣಿಕೆ ಈ ನಂಬಿಕೆಯನ್ನು ಅಲ್ಲಗಳೆಯಿತು.

ಸದಾ ದುಂಡು ಬೀಜವನ್ನೇ ಕೊಡುವ ಶುದ್ಧ ತಳಿಯನ್ನು ಸದಾ ಸುಕ್ಕು ಬೀಜವನ್ನೇ ಕೊಡುವ ಶುದ್ಧ ತಳಿಯೊಡನೆ ಸಂಕರಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ದುಂಡಾಗಿಯೇ ಇದ್ದವು. ಸುಕ್ಕು ಮಾಯವಾಯಿತೆಂದು ಯಾರಾದರೂ ಹೇಳಬಹುದಿತ್ತು. ಆದರೆ ಆ ದುಂಡು ಬೀಜಗಳನ್ನೇ ಬಿತ್ತಿ, ಗಿಡಗಳಲ್ಲಿ ಸ್ವಕೀಯ ಪರಾಗಸ್ಪರ್ಶವಾಗಲು ಬಿಟ್ಟಾಗ ಎರಡನೇ ಪೀಳಿಗೆಯಲ್ಲಿ 5,474 ದುಂಡು ಬೀಜಗಳ ಜೊತೆಗೆ 1,850 ಸುಕ್ಕು ಬೀಜಗಳು ದೊರೆತವು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಸುಕ್ಕಿನ ಗುಣ ಒಂದು ಪೀಳಿಗೆಯ ಮಟ್ಟಿಗೆ ಮರೆಯಾಗಿತ್ತೇ ಹೊರತು ನಾಶವಾಗಿರಲಿಲ್ಲ. ಮರಳಿ ಬಂದಾಗ ಅರೆಸುಕ್ಕಾಗಿಯೂ ಇರಲಿಲ್ಲ.

ಮೆಂಡೆಲ್ ನೀಡಿದ ವಿವರಣೆ ಸರಳವಾದುದು. ಪ್ರತಿಯೊಂದು ಗುಣಕ್ಕೂ ಗಿಡದಲ್ಲಿ ಎರಡು ಕಾರಕಗಳಿರುತ್ತವೆ: ಒಂದು ತಂದೆಯಿಂದ ಬಂದದ್ದು, ಮತ್ತೊಂದು ತಾಯಿಯಿಂದ ಬಂದದ್ದು. ಲಿಂಗಾಣುಗಳು ರೂಪುಗೊಳ್ಳುವಾಗ ಈ ಜೋಡಿ ಬೇರ್ಪಟ್ಟು, ಒಂದು ಲಿಂಗಾಣುವಿಗೆ ಒಂದೇ ಕಾರಕ ಸೇರುತ್ತದೆ. ಇದೇ ಪ್ರತ್ಯೇಕತೆಯ ನಿಯಮ. ಕಾರಕಕ್ಕೆ ‘ಜೀನ್’ ಎಂಬ ಹೆಸರನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್ 1909ರಲ್ಲಿ ಕೊಟ್ಟರು. ಕನ್ನಡದಲ್ಲಿ ಅದು ವಂಶವಾಹಿ. ಒಂದೇ ವಂಶವಾಹಿಯ ಬೇರೆ ಬೇರೆ ರೂಪಗಳಿಗೆ ಅಲೀಲ್ ಎನ್ನುತ್ತಾರೆ. ದುಂಡು ಒಂದು ಅಲೀಲ್, ಸುಕ್ಕು ಇನ್ನೊಂದು. ಎರಡೂ ಅಲೀಲ್‌ಗಳು ಒಂದೇ ಬಗೆಯವಾಗಿದ್ದರೆ ಆ ಜೀವಿ ಸಮಯುಗ್ಮಜ, ಬೇರೆ ಬೇರೆಯಾಗಿದ್ದರೆ ವಿಷಮಯುಗ್ಮಜ. ಕಣ್ಣಿಗೆ ಕಾಣುವ ಅಥವಾ ಪರೀಕ್ಷೆಯಿಂದ ಗೊತ್ತಾಗುವ ಲಕ್ಷಣ ಫಿನೋಟೈಪ್. ಒಳಗಿರುವ ಅಲೀಲ್‌ಗಳ ಜೋಡಣೆ ಜೀನೋಟೈಪ್.

ವಿಷಮಯುಗ್ಮಜ ಸ್ಥಿತಿಯಲ್ಲಿ ತೋರಿಬರುವ ಗುಣ ಪ್ರಬಲ, ಮರೆಯಲ್ಲುಳಿಯುವುದು ದುರ್ಬಲ. ‘ದುರ್ಬಲ’ ಎಂಬ ಪದ ಪಠ್ಯಪುಸ್ತಕಗಳಲ್ಲಿ ಬೇರೂರಿದೆಯಾದರೂ ಅರ್ಥವನ್ನು ದಾರಿತಪ್ಪಿಸುವಂಥದ್ದು. ಆ ಅಲೀಲ್‌ನ ಶಕ್ತಿ ಕುಂದಿರುವುದಿಲ್ಲ, ಮುಂದಿನ ಪೀಳಿಗೆಗೆ ದಾಟುವ ಅವಕಾಶವೂ ಕಡಿಮೆಯಾಗುವುದಿಲ್ಲ. ಹಾಗೆಯೇ ಪ್ರಬಲ ಗುಣವೆಂದರೆ ಒಳ್ಳೆಯ ಗುಣವೆಂದಾಗಲಿ, ಹೆಚ್ಚು ಜನರಲ್ಲಿರುವ ಗುಣವೆಂದಾಗಲಿ ಅರ್ಥವಲ್ಲ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವ ಜಾಗಗಳಲ್ಲಿ ಇದೂ ಒಂದು.

ಮೆಂಡೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡನೇ ಪೀಳಿಗೆಯ ದುಂಡು ಬೀಜಗಳಿಂದ ಬೆಳೆದ 565 ಗಿಡಗಳ ಪೈಕಿ 193 ಗಿಡಗಳು ಮಾತ್ರ ಬರೀ ದುಂಡು ಬೀಜ ಕೊಟ್ಟವು. ಉಳಿದ 372 ಗಿಡಗಳಲ್ಲಿ ದುಂಡೂ ಇತ್ತು, ಸುಕ್ಕೂ ಇತ್ತು. ನೋಟಕ್ಕೆ ಒಂದೇ ಥರ ಕಾಣುವ ಮೂರು ದುಂಡು ಬೀಜಗಳಲ್ಲಿ ಎರಡು ಸುಕ್ಕಿನ ಅಲೀಲನ್ನು ಒಳಗೇ ಹೊತ್ತಿರುತ್ತವೆ ಎಂಬುದು ಇದರ ತಾತ್ಪರ್ಯ. ಪಠ್ಯದಲ್ಲಿ 3:1 ಎಂಬ ಅನುಪಾತಕ್ಕೆ ಸಿಗುವ ಪ್ರಚಾರ ಈ 2:1ಕ್ಕೆ ಸಿಕ್ಕಿಲ್ಲ. ಆದರೆ ಕುಟುಂಬಗಳ ಪಾಲಿಗೆ ಹೆಚ್ಚು ಮಹತ್ವದ್ದು ಇದೇ.

ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ‘ವರಲಕ್ಷ್ಮಿ’ ಸಂಕರಣ ಹತ್ತಿಯ ಬೀಜವನ್ನು ರೈತರು ಪ್ರತಿವರ್ಷ ಹೊಸದಾಗಿಯೇ ಕೊಳ್ಳಬೇಕಾಗುತ್ತಿದ್ದುದಕ್ಕೂ ಪ್ರತ್ಯೇಕತೆಯ ನಿಯಮವೇ ಕಾರಣ. ಸಂಕರಣ ಗಿಡದ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಅಡಗಿದ್ದ ಗುಣಗಳು ಮುಂದಿನ ಬೆಳೆಯಲ್ಲಿ ಬೇರೆ ಬೇರೆಯಾಗಿ ಹೊರಬರುತ್ತವೆ, ಹೊಲ ಒಂದೇ ಸಮನಾಗಿ ಏಳುವುದಿಲ್ಲ.

ಮೆಂಡೆಲ್ ತಮ್ಮ ಫಲಿತಾಂಶಗಳನ್ನು 1865ರಲ್ಲಿ ಮಂಡಿಸಿ, 1866ರಲ್ಲಿ ಪ್ರಕಟಿಸಿದರು. ವಿಜ್ಞಾನಲೋಕ ಅದರತ್ತ ಸರಿಯಾಗಿ ಕಣ್ಣು ಹಾಯಿಸಿದ್ದು 1900ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 16 ವರ್ಷಗಳಾಗಿದ್ದವು.

ವಾಹಕರೆಂದರೆ ಯಾರು?

ಬಟಾಣಿಯಿಂದ ಮನುಷ್ಯರಿಗೆ ಬಂದರೆ ನಿಯಮ ಬದಲಾಗುವುದಿಲ್ಲ. ಮನುಷ್ಯನ ಜೀವಕೋಶದಲ್ಲಿ 23 ಜೋಡಿ, ಅಂದರೆ 46 ವರ್ಣತಂತುಗಳಿವೆ. ವಂಶವಾಹಿಗಳು ಇವುಗಳ ಮೇಲೆ ನಿರ್ದಿಷ್ಟ ಸ್ಥಾನಗಳಲ್ಲಿರುತ್ತವೆ. ಹನ್ನೊಂದನೇ ವರ್ಣತಂತುವಿನಲ್ಲಿರುವ ಒಂದು ವಂಶವಾಹಿ ರಕ್ತದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ತಯಾರಿಸಲು ಬೇಕಾದ ಸೂಚನೆಯನ್ನು ಹೊತ್ತಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸರಪಳಿಯ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲಿಗೆ ವ್ಯಾಲಿನ್ ಬಂದು ಕೂರುತ್ತದೆ. ಇಂತಹ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು. ಎರಡೂ ಪ್ರತಿಗಳಲ್ಲಿ ಈ ಬದಲಾವಣೆಯಿದ್ದವರ ಕೆಂಪು ರಕ್ತಕಣಗಳು ಆಮ್ಲಜನಕ ಕಡಿಮೆಯಾದಾಗ ಕುಡಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು, ರಕ್ತಹೀನತೆ ಉಂಟುಮಾಡುತ್ತವೆ. ಇದು ಕುಡಗೋಲು ಕಣ ರಕ್ತಹೀನತೆ. ಬೀಟಾ ಥಲಸ್ಸೀಮಿಯಾ ಕೂಡ ಇದೇ ವಂಶವಾಹಿಯ ಬೇರೆ ದೋಷಗಳಿಂದ ಬರುವ ಕಾಯಿಲೆ.

ಒಂದೇ ಪ್ರತಿಯಲ್ಲಿ ದೋಷವಿದ್ದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ತಾವು ವಾಹಕರೆಂಬುದು ಪರೀಕ್ಷೆ ಮಾಡಿಸದ ಹೊರತು ಅವರಿಗೂ ತಿಳಿದಿರುವುದಿಲ್ಲ. ಕುಡಗೋಲು ಕಣದ ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆಯೂ ದೊರೆಯುತ್ತದೆ. ಮಲೇರಿಯಾ ಬಾಧಿತ ಕಾಡುಪ್ರದೇಶಗಳಲ್ಲಿ ಈ ಅಲೀಲ್ ತಲೆಮಾರುಗಳಿಂದ ಉಳಿದುಬಂದದ್ದು ಅದರಿಂದಲೇ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ.

ಇಬ್ಬರು ವಾಹಕರು ದಂಪತಿಗಳಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25, ವಾಹಕನಾಗುವ ಸಂಭವ ಶೇ. 50, ದೋಷದ ಅಲೀಲ್ ಸ್ವಲ್ಪವೂ ಇಲ್ಲದಿರುವ ಸಂಭವ ಶೇ. 25. ಮಗುವಿಗೆ ಕಾಯಿಲೆ ಬರಬೇಕಾದರೆ ಒಂದು ಅಲೀಲ್ ತಂದೆಯಿಂದಲೂ ಒಂದು ತಾಯಿಯಿಂದಲೂ ಬಂದಿರಲೇಬೇಕು. ಸೊಸೆಯ ತವರಿನತ್ತ ಬೆರಳು ತೋರಿಸುವವರ ಮಾತಿಗೆ ಇಲ್ಲಿ ಆಧಾರವೇ ಇಲ್ಲ.

‘ಪ್ರತಿ ಗರ್ಭದಲ್ಲೂ’ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ನಾಲ್ವರಲ್ಲಿ ಒಬ್ಬರಿಗೆ ಎಂದಾಕ್ಷಣ, ಮೊದಲ ಮಗುವಿಗೆ ಕಾಯಿಲೆ ಬಂದಿದೆಯಾದ್ದರಿಂದ ಮುಂದಿನ ಮೂರು ಮಕ್ಕಳು ಸುರಕ್ಷಿತ ಎಂದು ತಿಳಿಯುವವರಿದ್ದಾರೆ. ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆಯ ನೆನಪಿರುವುದಿಲ್ಲ. ಅಂಡಾಣು, ವೀರ್ಯಾಣುಗಳಿಗೂ ಹಾಗೆಯೇ. ಇಂತಹ ದಂಪತಿಗಳ, ತಲಾ ನಾಲ್ಕು ಮಕ್ಕಳಿರುವ ನೂರು ಕುಟುಂಬಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 32 ಕುಟುಂಬಗಳಲ್ಲಿ ಒಂದು ಮಗುವಿಗೂ ಕಾಯಿಲೆ ಇರುವುದಿಲ್ಲ. ಸುಮಾರು 42ರಲ್ಲಿ ಒಂದು ಮಗುವಿಗೆ, ಉಳಿದ 26ರಲ್ಲಿ ಎರಡು ಅಥವಾ ಹೆಚ್ಚು ಮಕ್ಕಳಿಗೆ ಇರುತ್ತದೆ. ಕಾಯಿಲೆಯೇ ಕಾಣದ ಆ 32 ಕುಟುಂಬಗಳವರು ‘ನಮ್ಮ ವಂಶದಲ್ಲಿ ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ಇನ್ನು ಆ 2:1ರ ವಿಚಾರ. ಕಾಯಿಲೆಯ ಮಗುವಿನ ಅಕ್ಕನೋ ತಮ್ಮನೋ ಆರೋಗ್ಯವಾಗಿದ್ದರೆ ಆತ ಅಥವಾ ಆಕೆ ವಾಹಕರಾಗಿರುವ ಸಂಭವ ಮೂರರಲ್ಲಿ ಎರಡು. ಮೆಂಡೆಲ್ ಅವರ 565 ಗಿಡಗಳು ಹೇಳಿದ್ದು ಇದನ್ನೇ. ಬಟಾಣಿಯಲ್ಲಾದರೆ ಸುಕ್ಕು ಬೀಜದ ಗಿಡದೊಡನೆ ಸಂಕರಿಸಿ ನೋಡುವ ಪರೀಕ್ಷಾ ಸಂಕರಣ ಸಾಧ್ಯ. ಮನುಷ್ಯರಲ್ಲಿ ವಂಶಾವಳಿ ಬರೆಯುವುದು, ರಕ್ತಪರೀಕ್ಷೆ ಮಾಡಿಸುವುದು ಇವೇ ದಾರಿ.

ಒಳಸಂಬಂಧದ ಮದುವೆ

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಸಂಬಂಧ ಬೆಳೆಸುವುದು ದಕ್ಷಿಣ ಭಾರತದ ಅನೇಕ ಸಮುದಾಯಗಳಲ್ಲಿ ಹಳೆಯ ರೂಢಿ. ಆಸ್ತಿ ಒಳಗೇ ಉಳಿಯುತ್ತದೆ, ಹುಡುಗಿ ಗೊತ್ತಿರುವ ಮನೆಗೇ ಹೋಗುತ್ತಾಳೆ ಎಂಬ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಅನುವಂಶೀಯತೆಯ ಲೆಕ್ಕ ಮಾತ್ರ ಬೇರೆ. ಮಾವ ಒಂದು ಅಪರೂಪದ ದೋಷದ ವಾಹಕನಾಗಿದ್ದರೆ ಅವನ ಅಕ್ಕನಲ್ಲಿ ಅದೇ ಅಲೀಲ್ ಇರುವ ಸಂಭವ ಎರಡರಲ್ಲಿ ಒಂದು, ಅಕ್ಕನ ಮಗಳಲ್ಲಿ ನಾಲ್ಕರಲ್ಲಿ ಒಂದು. ಹಾಗಾಗಿ ಅವರ ಮಗುವಿಗೆ ಕಾಯಿಲೆ ಬರುವ ಸಂಭವ ಹದಿನಾರರಲ್ಲಿ ಒಂದು. ಅದೇ ವಾಹಕ ಹೊರಗಿನ ಹುಡುಗಿಯನ್ನು ಮದುವೆಯಾಗಿ, ಆ ಸಮುದಾಯದಲ್ಲಿ ನೂರಕ್ಕೆ ಒಬ್ಬರು ವಾಹಕರೆಂದು ಇಟ್ಟುಕೊಂಡರೆ ಸಂಭವ ನಾನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಒಳಸಂಬಂಧ ಕಾಯಿಲೆಯನ್ನು ಹುಟ್ಟುಹಾಕುವುದಿಲ್ಲ. ಅಡಗಿದ್ದ ಎರಡು ಒಂದೇ ಬಗೆಯ ಅಲೀಲ್‌ಗಳು ಒಂದೆಡೆ ಸೇರಲು ಅವಕಾಶ ಹೆಚ್ಚಿಸುತ್ತದೆ. ಇಂತಹ ಮದುವೆಗಳಲ್ಲಿ ಹುಟ್ಟುವ ಹೆಚ್ಚಿನ ಮಕ್ಕಳು ಆರೋಗ್ಯವಂತರಾಗಿಯೇ ಇರುತ್ತಾರೆ ಎಂಬುದೂ ಅಷ್ಟೇ ನಿಜ.

ಎಲ್ಲವೂ ಬಟಾಣಿಯಂತಲ್ಲ

ಸಂಜೆಮಲ್ಲಿಗೆಯ ಕೆಂಪು ಹೂವಿನ ಗಿಡವನ್ನು ಬಿಳಿ ಹೂವಿನ ಗಿಡದೊಡನೆ ಸಂಕರಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಇದು ಅಪೂರ್ಣ ಪ್ರಾಬಲ್ಯ. ಗುಲಾಬಿ ಹೂವಿನ ಗಿಡಗಳ ಮುಂದಿನ ಪೀಳಿಗೆಯಲ್ಲಿ ಕೆಂಪು, ಗುಲಾಬಿ, ಬಿಳಿ 1:2:1ರಂತೆ ಮರಳುವುದರಿಂದ ಅಲೀಲ್‌ಗಳು ಇಲ್ಲಿಯೂ ಬೆರೆತಿಲ್ಲವೆಂಬುದು ಸ್ಪಷ್ಟ. ಎರಡು ಗುಣಗಳು ಒಂದನ್ನೊಂದು ಅವಲಂಬಿಸದೆ ಸಾಗುತ್ತವೆ ಎಂಬ ಮೆಂಡೆಲ್ ಅವರ ಸ್ವತಂತ್ರ ವಿಂಗಡಣೆಯ ನಿಯಮಕ್ಕೂ ಮಿತಿಯಿದೆ: ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರವಿರುವ ವಂಶವಾಹಿಗಳು ಒಟ್ಟಿಗೇ ಪಯಣಿಸುತ್ತವೆ. ಎತ್ತರ, ಮೈಬಣ್ಣದಂತಹ ಗುಣಗಳ ಹಿಂದೆ ಒಂದಲ್ಲ, ಅನೇಕ ವಂಶವಾಹಿಗಳಿವೆ.

ರಕ್ತದ ಗುಂಪು ಸಹಪ್ರಾಬಲ್ಯಕ್ಕೆ ಉದಾಹರಣೆ. ಎ ಮತ್ತು ಬಿ ಅಲೀಲ್‌ಗಳು ಜೊತೆಯಾದರೆ ಎರಡೂ ವ್ಯಕ್ತವಾಗಿ ಎಬಿ ಗುಂಪಾಗುತ್ತದೆ; ಓ ಇವೆರಡಕ್ಕೂ ದುರ್ಬಲ. ಎ ಗುಂಪಿನ ತಂದೆಗೂ ಬಿ ಗುಂಪಿನ ತಾಯಿಗೂ ಓ ಗುಂಪಿನ ಮಗು ಹುಟ್ಟಿದರೆ ಅಚ್ಚರಿಪಡಬೇಕಿಲ್ಲ, ಇಬ್ಬರೂ ಓ ಅಲೀಲ್ ಹೊತ್ತಿದ್ದರೆ ಸಾಕು. ಎಬಿ ಗುಂಪಿನವರಿಗೆ ಓ ಗುಂಪಿನ ಮಗು ಸಾಧ್ಯವಿಲ್ಲವೆಂದು ಪಠ್ಯಪುಸ್ತಕ ಹೇಳುತ್ತದೆ. ಇದರ ಆಧಾರದಲ್ಲಿ ತಾಯಿಯ ನಡತೆಯನ್ನು ಶಂಕಿಸುವ ಮುನ್ನ ತಿಳಿದಿರಬೇಕಾದ ಸಂಗತಿಯೊಂದಿದೆ. ಎ ಅಥವಾ ಬಿ ರೂಪುಗೊಳ್ಳಲು ಮೊದಲು ಎಚ್ ಎಂಬ ಅಡಿಪಾಯದ ವಸ್ತು ಬೇಕು. ಎಚ್‌ನ ವಂಶವಾಹಿಯ ಎರಡೂ ಪ್ರತಿಗಳು ಕೆಲಸ ಮಾಡದಿದ್ದರೆ, ಎ ಅಥವಾ ಬಿ ಅಲೀಲ್ ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ರಕ್ತ ಓ ಗುಂಪಿನಂತೆಯೇ ಕಾಣುತ್ತದೆ. 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಇದು ‘ಬಾಂಬೆ ರಕ್ತದ ಗುಂಪು’ ಎಂದೇ ಹೆಸರಾಗಿದೆ. ಇಂಥವರಿಗೆ ಓ ಗುಂಪಿನ ರಕ್ತವೂ ಒಗ್ಗುವುದಿಲ್ಲ.

ಪ್ರಬಲ ಅನುವಂಶೀಯತೆಯ ಕಾಯಿಲೆಗೆ ನಿದರ್ಶನ ಮಲೆನಾಡಿನಲ್ಲೇ ಇದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರನ್ನೇ ಪಡೆದ ಕೀಲು-ಮೂಳೆಗಳ ಈ ಕಾಯಿಲೆ 1970ರ ದಶಕದ ಮಧ್ಯಭಾಗದಲ್ಲಿ ಗಮನಕ್ಕೆ ಬಂತು. ಕೀಟನಾಶಕ ಸೇರಿದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವಿರಬಹುದೆಂಬ ಶಂಕೆ ಆರಂಭದಲ್ಲಿತ್ತು. ಕುಟುಂಬಗಳ ವಂಶಾವಳಿಯ ಅಧ್ಯಯನ ಪ್ರಬಲ ಅನುವಂಶೀಯತೆಯತ್ತ ಬೊಟ್ಟು ಮಾಡಿತು. ಇಂತಹ ಅನುವಂಶೀಯತೆಯಲ್ಲಿ ದೋಷದ ಒಂದೇ ಪ್ರತಿ ಸಾಕು. ಅದನ್ನು ಹೊತ್ತ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ದಾಟುವ ಸಂಭವ ಶೇ. 50.

ಮಗು ಗಂಡೋ ಹೆಣ್ಣೋ ಎಂಬುದಕ್ಕೆ ಹೆಚ್ಚು ವಿವರ ಬೇಡ. ತಾಯಿಯಲ್ಲಿರುವುದು ಎರಡು ಎಕ್ಸ್ ವರ್ಣತಂತುಗಳು. ಅಂಡಾಣುವಿಗೆ ಎಕ್ಸ್ ಬಿಟ್ಟು ಬೇರೇನೂ ಸೇರಲಾರದು. ತಂದೆಯ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ ಹೊತ್ತವು. ವೈ ಬಂದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳಲ್ಲಿ ಈ ಪಾಠ ಓದಿದ ಮಕ್ಕಳೂ ಇರುತ್ತಾರೆ. ಹಿಮೋಫಿಲಿಯಾ, ಕೆಂಪು-ಹಸಿರು ವರ್ಣಾಂಧತೆಗಳ ವಂಶವಾಹಿಗಳು ಎಕ್ಸ್‌ನಲ್ಲಿವೆ. ಗಂಡಿಗೆ ಒಂದೇ ಎಕ್ಸ್ ಇರುವುದರಿಂದ ದೋಷವನ್ನು ಮರೆಮಾಡಲು ಇನ್ನೊಂದು ಪ್ರತಿಯಿಲ್ಲ. ಆದ್ದರಿಂದ ಇವು ಹೆಚ್ಚಾಗಿ ಪುರುಷರಲ್ಲಿ ಕಾಣುತ್ತವೆ. ತಂದೆಯ ಎಕ್ಸ್ ಮಗನಿಗೆ ಹೋಗುವುದಿಲ್ಲ. ಹಾಗಾಗಿ ಹಿಮೋಫಿಲಿಯಾ ಇರುವ ತಂದೆಯ ಗಂಡುಮಕ್ಕಳಿಗೆ ಅದು ಆತನಿಂದ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕರಾಗುತ್ತಾರೆ.

ಪರೀಕ್ಷೆ ಯಾವಾಗ?

ಕುಡಗೋಲು ಕಣ ರಕ್ತಹೀನತೆಯನ್ನು 2047ರೊಳಗೆ ನಿವಾರಿಸುವ ರಾಷ್ಟ್ರೀಯ ಅಭಿಯಾನಕ್ಕೆ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಚಾಲನೆ ದೊರೆಯಿತು. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಇದರ ಗುರಿಯಾಗಿದ್ದು, ಕರ್ನಾಟಕವೂ ಇದರ ವ್ಯಾಪ್ತಿಯಲ್ಲಿದೆ. ನಗರವಾಸಿಗಳಿಗೆ ಥಲಸ್ಸೀಮಿಯಾ ಮತ್ತು ಕುಡಗೋಲು ಕಣಗಳೆರಡರ ವಾಹಕ ಸ್ಥಿತಿಯನ್ನೂ ತಿಳಿಸುವ ಹಿಮೋಗ್ಲೋಬಿನ್ ಪರೀಕ್ಷೆ ಪ್ರಮುಖ ಪ್ರಯೋಗಾಲಯಗಳಲ್ಲಿ ಲಭ್ಯ. ವಾಹಕರು ವಾಹಕರಲ್ಲದವರನ್ನು ಮದುವೆಯಾದರೆ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ವಾಹಕ ಸ್ಥಿತಿ ಮಾತ್ರ ದಾಟಬಹುದು.

ದಂಪತಿಗಳಿಬ್ಬರೂ ವಾಹಕರೆಂದು ಗೊತ್ತಾದಲ್ಲಿ ಗರ್ಭದ 10ರಿಂದ 13ನೇ ವಾರದ ನಡುವೆ ಬೆಳೆಯುತ್ತಿರುವ ಮಾಸಿನಿಂದ ಸೂಕ್ಷ್ಮ ಮಾದರಿ ತೆಗೆದು ಭ್ರೂಣದ ಸ್ಥಿತಿಯನ್ನು ಅರಿಯಬಹುದು. ಅದಕ್ಕೆ ತಂದೆ-ತಾಯಿಯರಲ್ಲಿ ಇರುವ ಉತ್ಪರಿವರ್ತನೆ ನಿಖರವಾಗಿ ಯಾವುದೆಂದು ಮುಂಚಿತವಾಗಿ ತಿಳಿದಿರಬೇಕಾಗುತ್ತದೆ. ಥಲಸ್ಸೀಮಿಯಾಕ್ಕೆ ಕಾರಣವಾಗುವ ದೋಷಗಳು ಹತ್ತು ಹಲವು ಇರುವುದರಿಂದ ಈ ಹುಡುಕಾಟಕ್ಕೆ ಸಮಯ ಹಿಡಿಯುತ್ತದೆ. ಒಂದು ಮಗುವಿಗೆ ಕಾಯಿಲೆ ಇರುವ ಕುಟುಂಬಗಳು ಮುಂದಿನ ಗರ್ಭಧಾರಣೆಗೆ ಮೊದಲೇ ಈ ಪರೀಕ್ಷೆ ಮಾಡಿಸಿಕೊಳ್ಳುವಂತೆ ತಜ್ಞರು ಸೂಚಿಸುವುದು ಈ ಕಾರಣಕ್ಕೆ.